ಶೈಲಿ, ಪಂಥ ಮತ್ತು ಔಚಿತ್ಯ: ಯಾನ್ ಚಿಖೋಲ್ಡ್‌ನ ಅಕ್ಷರವಿನ್ಯಾಸದ ಎರಡು ಘಟ್ಟಗಳು

1. ಪ್ರಸ್ತಾವನೆ

ಸಾಹಿತ್ಯ ಚರಿತ್ರೆಯನ್ನು ಪಾಠ ಹೇಳುವವರಿಗೆ ಶೈಲಿ, ಪಂಥ, ಚಳವಳಿ ಎಂಬ ಮಾತುಗಳು ನಿತ್ಯ ಬಳಕೆಯವು. ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂದು ಕಾಲವನ್ನು ವಿಂಗಡಿಸಿಕೊಂಡು, ಒಂದೊಂದರ ಲಕ್ಷಣಗಳನ್ನು ಪಟ್ಟಿಮಾಡಿ, ಲೇಖಕರನ್ನು ಆಯಾ ಪಂಕ್ತಿಯಲ್ಲಿ ಕುಳ್ಳಿರಿಸುವುದು ನಮ್ಮ ಅಧ್ಯಯನಕ್ರಮದ ರೂಢಿ. ಈ ರೂಢಿಯಿಂದ ಅನುಕೂಲವಿರುವಂತೆ ಅಪಾಯವೂ ಇದೆ. ‘ಭಾವತರಂಗ’ದ (1946) ಅಡಿಗರು ‘ಚಂಡೆಮದ್ದಳೆ’ಯ (1954) ಅಡಿಗರಾದ ಬಗೆಯನ್ನು ವಿವರಿಸುವಾಗ ನಾವು ಒಂದು ಪಂಕ್ತಿಯಿಂದ ಎದ್ದು ಇನ್ನೊಂದರಲ್ಲಿ ಕುಳಿತರೆಂದು ಹೇಳಿ ಮುಗಿಸುತ್ತೇವೆ. ಏಕೆ ಎದ್ದರು, ಏನನ್ನು ಜೊತೆಗೆ ಒಯ್ದರು, ಏನನ್ನು ಬಿಟ್ಟರು ಎಂಬ ಪ್ರಶ್ನೆಗಳು ಹಿಂದೆ ಉಳಿಯುತ್ತವೆ.

ಈ ಪ್ರಶ್ನೆಗಳನ್ನು ಸಾಹಿತ್ಯಕ್ಕೆ ನೆರೆಯದಾದ ಇನ್ನೊಂದು ಕ್ಷೇತ್ರದಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕ್ಷೇತ್ರವೆಂದರೆ ಮುದ್ರಿತ ಅಕ್ಷರಗಳ ವಿನ್ಯಾಸ. ಪುಸ್ತಕವನ್ನು ಓದುವವರು ನಾವೆಲ್ಲರೂ. ಆದರೆ ಪುಟದ ಅಂಚು, ಸಾಲಿನ ಅಂತರ, ಅಚ್ಚುಮೊಳೆಯ ಆಕಾರ ಇವುಗಳ ಹಿಂದೆಯೂ ಒಂದು ಚರಿತ್ರೆಯಿದೆ, ವಾದವಿದೆ, ಜಗಳವಿದೆ ಎಂಬುದು ನಮ್ಮ ಗಮನಕ್ಕೆ ಬರುವುದು ಅಪರೂಪ. ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ ಈ ಜಗಳವನ್ನು ಹೊತ್ತಿಸಿದವರಲ್ಲಿ ಒಬ್ಬನೂ, ಅನಂತರ ತನ್ನ ಸಿದ್ಧಾಂತಕ್ಕೆ ತಾನೇ ಎದುರಾಡಿದವನೂ ಆದ ಯಾನ್ ಚಿಖೋಲ್ಡ್ (1902–1974) ಈ ಅಧ್ಯಯನದ ಕೇಂದ್ರ ವ್ಯಕ್ತಿ.

2. ಹಿನ್ನೆಲೆ: ಮಾರಿಸ್‌ನಿಂದ ಬೌಹೌಸ್‌ವರೆಗೆ

ಆಧುನಿಕ ಗ್ರಾಫಿಕ್ ವಿನ್ಯಾಸದ ಕಥೆಯನ್ನು ಸಾಮಾನ್ಯವಾಗಿ ಇಂಗ್ಲೆಂಡಿನ ವಿಲಿಯಂ ಮಾರಿಸ್‌ನಿಂದ (1834–1896) ಆರಂಭಿಸುತ್ತಾರೆ. ಯಂತ್ರಯುಗದ ಮುದ್ರಣದಲ್ಲಿ ಕಾಗದ ಕಳಪೆಯಾಗಿ, ಮೊಳೆ ಸೊರಗಿ, ಕುಶಲಕರ್ಮಿಯ ಗೌರವ ಕುಂದಿತೆಂದು ಮರುಗಿದ ಮಾರಿಸ್ 1891ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಸ್ಥಾಪಿಸಿದ. ಹದಿನೈದನೆಯ ಶತಮಾನದ ವೆನಿಸ್ಸಿನ ಮುದ್ರಕ ನಿಕೊಲಾ ಜೆನ್ಸನ್‌ನ ಅಕ್ಷರಗಳನ್ನು ಮಾದರಿಯಾಗಿಟ್ಟುಕೊಂಡು ತನ್ನ ‘ಗೋಲ್ಡನ್’ ಮೊಳೆಯನ್ನು ರೂಪಿಸಿದ. ಕೈಯಿಂದ ತಯಾರಾದ ಕಾಗದ, ಕೈಯಿಂದ ನಡೆಸುವ ಯಂತ್ರ, ಪುಟದ ಸುತ್ತ ದಟ್ಟವಾದ ಬಳ್ಳಿಯ ಅಂಚು ಇವು ಅವನ ಪುಸ್ತಕಗಳ ಲಕ್ಷಣ. 1896ರಲ್ಲಿ ಹೊರಬಂದ ಚಾಸರ್ ಕವಿಯ ಕೃತಿಸಂಪುಟ ಇವುಗಳಲ್ಲಿ ಶಿಖರಪ್ರಾಯವಾದುದು; ಬರ್ನ್-ಜೋನ್ಸ್ ಅದಕ್ಕೆ 87 ಚಿತ್ರಗಳನ್ನು ಬರೆದುಕೊಟ್ಟ. ಕಾಗದದ ಮೇಲೆ ಅಚ್ಚಾದ ಪ್ರತಿಗಳು 425. ಬೆಲೆ 20 ಪೌಂಡು. ಮಾರಿಸ್ ದೃಢನಿಷ್ಠೆಯ ಸಮಾಜವಾದಿ. ಕಲೆ ಎಲ್ಲರದಾಗಬೇಕೆಂದವನ ಪುಸ್ತಕ ಸಿರಿವಂತರ ಕಪಾಟನ್ನು ಸೇರಿತು. ಈ ವೈರುಧ್ಯವನ್ನು ನೆನಪಿನಲ್ಲಿಡಬೇಕು. ಮುಂದೆ ಅದು ಬೇರೊಂದು ರೂಪದಲ್ಲಿ ಎದುರಾಗುತ್ತದೆ.

ಮಾರಿಸ್‌ನ ಬಳ್ಳಿ ಯುರೋಪಿನ ನೆಲದಲ್ಲಿ ಬೇರೆ ಬೇರೆಯಾಗಿ ಹಬ್ಬಿತು. ಫ್ರಾನ್ಸಿನಲ್ಲಿ ‘ಆರ್ ನೂವೊ’ ಎಂದೂ, 1896ರಲ್ಲಿ ಮ್ಯೂನಿಕ್‌ನಿಂದ ಹೊರಟ ‘ಯೂಗೆಂಟ್’ ಪತ್ರಿಕೆಯ ಹೆಸರಿನಿಂದ ಜರ್ಮನಿಯಲ್ಲಿ ‘ಯೂಗೆಂಟ್‌ಸ್ಟೀಲ್’ ಎಂದೂ ಕರೆಸಿಕೊಂಡ ಈ ಶೈಲಿಯಲ್ಲಿ ಬಾಗಿ ಬಳುಕುವ ರೇಖೆಯೇ ಪ್ರಧಾನ. ಜಪಾನಿನ ಮರದಚ್ಚಿನ ಚಿತ್ರಗಳ ಸಮತಲ ವರ್ಣಗಳೂ, ಬಣ್ಣದ ಕಲ್ಲಚ್ಚಿನ ತಂತ್ರವೂ ಸೇರಿ ಪ್ಯಾರಿಸ್ಸಿನ ಗೋಡೆಗಳ ಮೇಲೆ ಭಿತ್ತಿಪತ್ರವೆಂಬ ಹೊಸ ಕಲಾಪ್ರಕಾರ ಬೆಳೆಯಿತು. ಲೋತ್ರೆಕ್‌ನ ‘ಮುಲಾಂ ರೂಜ್’ (1891) ಭಿತ್ತಿಪತ್ರವೂ, ನಟಿ ಸಾರಾ ಬೆರ್ನಾರ್‌ಗಾಗಿ ಮುಖಾ ಬರೆದ ‘ಜಿಸ್ಮೊಂದಾ’ ಭಿತ್ತಿಪತ್ರವೂ ಇದಕ್ಕೆ ನಿದರ್ಶನ.

ಈ ಅಲಂಕಾರಪ್ರಿಯತೆಗೆ ಪ್ರತಿಕ್ರಿಯೆ ತೀವ್ರವಾಗಿಯೇ ಬಂತು. 1909ರ ಫೆಬ್ರವರಿ 20ರಂದು ಇಟಲಿಯ ಮರಿನೆತ್ತಿ ಪ್ಯಾರಿಸ್ಸಿನ ‘ಲ ಫಿಗಾರೊ’ ಪತ್ರಿಕೆಯಲ್ಲಿ ಭವಿಷ್ಯವಾದದ ಪ್ರಣಾಳಿಕೆಯನ್ನು ಪ್ರಕಟಿಸಿದ. ಪದಗಳನ್ನು ವ್ಯಾಕರಣದಿಂದಲೂ ಸಾಲಿನಿಂದಲೂ ಬಿಡಿಸಿ ಪುಟದ ಮೇಲೆ ಚೆಲ್ಲಾಡಿದ. 1916ರಲ್ಲಿ ಜ್ಯೂರಿಚ್‌ನಲ್ಲಿ ದಾದಾ, 1917ರಲ್ಲಿ ಹಾಲೆಂಡಿನಲ್ಲಿ ‘ಡ ಸ್ಟೈಲ್’, ಕ್ರಾಂತಿಯ ಬಳಿಕದ ರಷ್ಯದಲ್ಲಿ ರಚನಾವಾದ ಹೀಗೆ ಚಳವಳಿಗಳು ಬೆನ್ನುಬೆನ್ನಿಗೆ ಹುಟ್ಟಿದವು. ಮಯಕೋವ್‌ಸ್ಕಿಯ ಕವಿತೆಗಳಿಗೆ ಎಲ್ ಲಿಸಿಟ್‌ಸ್ಕಿ 1923ರಲ್ಲಿ ರೂಪಿಸಿಕೊಟ್ಟ ಪುಸ್ತಕದಲ್ಲಿ, ಬೇಕಾದ ಕವಿತೆಯನ್ನು ಬೆರಳಿನಿಂದಲೇ ತೆರೆಯಲೆಂದು ಪುಟದಂಚನ್ನು ಮೆಟ್ಟಿಲುಗಳಂತೆ ಕತ್ತರಿಸಲಾಗಿತ್ತು. ಗಟ್ಟಿಯಾಗಿ ಓದಲೆಂದೇ ಸಿದ್ಧವಾದ ಪುಸ್ತಕಕ್ಕೆ ಇದು ಸಹಜವಾದ ಏರ್ಪಾಡು.

ಈ ಹೊಳೆಗಳು ಬಂದು ಕೂಡಿದ ಮಡು ಬೌಹೌಸ್. 1919ರಲ್ಲಿ ವಾಲ್ಟರ್ ಗ್ರೋಪಿಯಸ್ ವೈಮಾರ್‌ನಲ್ಲಿ ಆರಂಭಿಸಿದ ಈ ಕಲಾಶಾಲೆ 1925ರಲ್ಲಿ ಡೆಸ್ಸೌಗೂ 1932ರಲ್ಲಿ ಬರ್ಲಿನ್ನಿಗೂ ಸ್ಥಳಾಂತರಗೊಂಡು, 1933ರಲ್ಲಿ ನಾತ್ಸಿಗಳ ಒತ್ತಡದಲ್ಲಿ ಮುಚ್ಚಿತು. ನಮಗೂ ಅದರ ಪರಿಚಯ ಬಹುಬೇಗನೆ ಆಯಿತೆಂಬುದು ಇಲ್ಲಿ ಸ್ಮರಣೀಯ: 1922ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿ ನಡೆದ ಪ್ರದರ್ಶನದಲ್ಲಿ ಕ್ಲೇ, ಕಾಂಡಿನ್‌ಸ್ಕಿ ಮೊದಲಾದ ಬೌಹೌಸ್ ಕಲಾವಿದರ ಕೃತಿಗಳನ್ನು ಭಾರತೀಯರು ಕಂಡಿದ್ದರು.

3. ಮೊದಲ ಘಟ್ಟ: ಹೊಸ ಅಕ್ಷರವಿನ್ಯಾಸದ ಸಿದ್ಧಾಂತ

ಚಿಖೋಲ್ಡ್ ಲೈಪ್‌ಜಿಗ್‌ನಲ್ಲಿ ನಾಮಫಲಕ ಬರೆಯುವವನ ಮಗನಾಗಿ ಹುಟ್ಟಿದ. ಲೈಪ್‌ಜಿಗ್ ಜರ್ಮನ್ ಪುಸ್ತಕೋದ್ಯಮದ ರಾಜಧಾನಿ. ಅಲ್ಲಿಯ ಕಲಾಶಾಲೆಯಲ್ಲಿ ಅವನು ಕಲಿತದ್ದು ಹಳೆಯ ಹಸ್ತಾಕ್ಷರಗಳ ಬರವಣಿಗೆಯನ್ನು. ಎಂದರೆ ಅವನ ಬೇರು ಪರಂಪರೆಯಲ್ಲಿತ್ತು. 1923ರಲ್ಲಿ ವೈಮಾರ್‌ನಲ್ಲಿ ಬೌಹೌಸ್ ಪ್ರದರ್ಶನವನ್ನು ನೋಡಿದ್ದು ಅವನ ಬಾಳಿನ ತಿರುವು. ಎರಡು ವರ್ಷಗಳಲ್ಲಿ, 1925ರಲ್ಲಿ, ಮುದ್ರಣ ಕಾರ್ಮಿಕರು ಓದುತ್ತಿದ್ದ ವೃತ್ತಿಪತ್ರಿಕೆಯೊಂದರ ವಿಶೇಷ ಸಂಚಿಕೆಯಲ್ಲಿ ತನ್ನ ಸೂತ್ರಗಳನ್ನು ಮಂಡಿಸಿದ. 1928ರಲ್ಲಿ ‘ಹೊಸ ಅಕ್ಷರವಿನ್ಯಾಸ’ ಎಂಬ ಅರ್ಥದ ಶೀರ್ಷಿಕೆಯ ಗ್ರಂಥವನ್ನು ಪ್ರಕಟಿಸಿದ. ಅದನ್ನು ಹೊರತಂದದ್ದು ಜರ್ಮನ್ ಮುದ್ರಣ ಕಾರ್ಮಿಕರ ಶಿಕ್ಷಣ ಸಂಸ್ಥೆ ಎಂಬುದು ಗಮನಾರ್ಹ. ಚಿಖೋಲ್ಡ್ ಬರೆದದ್ದು ಕಲಾವಿಮರ್ಶಕರಿಗಾಗಿ ಅಲ್ಲ, ಮೊಳೆ ಜೋಡಿಸುವವರಿಗಾಗಿ.

ಆ ಗ್ರಂಥದ ಪ್ರತಿಪಾದನೆಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು, ಶೀರ್ಷಿಕೆಯನ್ನು ಪುಟದ ನಡುವಿಗೆ ತಂದು ಎರಡೂ ಬದಿ ಸಮಗೊಳಿಸುವ ಹಳೆಯ ಪದ್ಧತಿ ಅರ್ಥವನ್ನು ಆಕಾರದ ದಾಸನಾಗಿಸುತ್ತದೆ. ಅದರ ಬದಲು ವಿಷಯದ ಮಹತ್ವಕ್ಕೆ ತಕ್ಕಂತೆ ಅಸಮ ವಿನ್ಯಾಸ ಬೇಕು. ಎರಡು, ಅಕ್ಷರದ ತುದಿಗಳಲ್ಲಿ ಬರುವ ಚಿಕ್ಕ ಅಡ್ಡಗೀಟುಗಳು ಅನವಶ್ಯಕ. ಅವಿಲ್ಲದ ಬೋಳು ಅಕ್ಷರವೇ ಈ ಯುಗದ ಅಕ್ಷರ. ಮೂರು, ಆಭರಣ ಬೇಡ. ಖಾಲಿ ಜಾಗವೂ ವಿನ್ಯಾಸದ ಅಂಗ. ನಾಲ್ಕು, ಕೈಯಿಂದ ಬರೆದ ಚಿತ್ರಕ್ಕಿಂತ ಛಾಯಾಚಿತ್ರ ಶ್ರೇಷ್ಠ. ಐದು, ಕಾಗದದ ಅಳತೆಗಳು ಎಲ್ಲೆಡೆ ಒಂದೇ ಆಗಿರಬೇಕು. ಇವುಗಳ ಹಿಂದೆ ಇದ್ದದ್ದು ಒಂದೇ ನಂಬಿಕೆ: ಸ್ಪಷ್ಟತೆಯೇ ಸೌಂದರ್ಯ, ಸ್ಪಷ್ಟತೆ ದೇಶಕಾಲಗಳನ್ನು ಮೀರಿದ್ದು.

ಅದೇ ಕಾಲದಲ್ಲಿ ಬೌಹೌಸ್‌ನ ಹರ್ಬರ್ಟ್ ಬಾಯರ್ ವೃತ್ತ ಮತ್ತು ಸರಳರೇಖೆಗಳಿಂದಲೇ ಕಟ್ಟಿದ, ದೊಡ್ಡಕ್ಷರಗಳೇ ಇಲ್ಲದ ‘ವಿಶ್ವಲಿಪಿ’ಯೊಂದನ್ನು 1925ರಲ್ಲಿ ಸೂಚಿಸಿದ. ಒಂದು ಧ್ವನಿಗೆ ಎರಡು ಚಿಹ್ನೆ ಏಕೆಂಬುದು ಅವನ ಪ್ರಶ್ನೆ. ನಾಮಪದಗಳನ್ನೆಲ್ಲ ದೊಡ್ಡಕ್ಷರದಿಂದ ಆರಂಭಿಸುವ ಜರ್ಮನ್ ಭಾಷೆಯಲ್ಲಿ ಇದು ಕ್ರಾಂತಿಕಾರಿಯಾದ ಸೂಚನೆಯೇ ಸರಿ. ಚಿಖೋಲ್ಡ್‌ನನ್ನು ಮ್ಯೂನಿಕ್‌ಗೆ ಅಧ್ಯಾಪಕನಾಗಿ ಕರೆಸಿಕೊಂಡ ಪೌಲ್ ರೆನರ್ 1927ರಲ್ಲಿ ‘ಫ್ಯೂಚುರಾ’ ಅಕ್ಷರವನ್ನು ಹೊರತಂದ. ಹೊಸ ಪಂಥಕ್ಕೆ ಶಾಸ್ತ್ರ, ಲಿಪಿ, ಶಾಲೆ ಮೂರೂ ದೊರೆತವು.

4. ಬಾಸೆಲ್: ತಿರುವು ಮತ್ತು ವಾದ

1933ರ ಮಾರ್ಚಿನಲ್ಲಿ ನಾತ್ಸಿ ಆಡಳಿತ ಚಿಖೋಲ್ಡ್‌ನನ್ನು ಬಂಧಿಸಿತು. ‘ಸಾಂಸ್ಕೃತಿಕ ಬೋಲ್ಶೆವಿಕ್’ ಎಂಬುದು ಅವನ ಮೇಲಿನ ಆರೋಪ. ಬಿಡುಗಡೆಯಾದ ಬಳಿಕ ಅದೇ ವರ್ಷ ಕುಟುಂಬದೊಡನೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರವನ್ನು ಸೇರಿದ. ಕನ್ನಡಿಗರಿಗೆ ಈ ಊರಿನ ಹೆಸರು ಅಪರಿಚಿತವಲ್ಲ. ಒಂದು ಶತಮಾನದ ಹಿಂದೆ ಇದೇ ಊರಿನಿಂದ ಹೊರಟ ಮಿಶನ್ ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯವನ್ನು ತೆರೆಯಿತು. ಕಿಟ್ಟೆಲ್ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಎರಡಕ್ಕೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ಅಕ್ಷರದ ಚರಿತ್ರೆಯಲ್ಲಿ ಊರುಗಳು ಹೀಗೆ ಮತ್ತೆ ಮತ್ತೆ ಎದುರಾಗುವುದು ಸ್ವಾರಸ್ಯದ ಸಂಗತಿ.

ಬಾಸೆಲ್‌ನಲ್ಲಿ ಚಿಖೋಲ್ಡ್‌ನ ಮನಸ್ಸು ನಿಧಾನವಾಗಿ ಬದಲಾಯಿತು. 1935ರ ಅವನ ಗ್ರಂಥದಲ್ಲಿಯೇ ಧ್ವನಿ ತಗ್ಗಿತ್ತು. ಮುಂದೆ ಸಾಹಿತ್ಯಕೃತಿಗಳನ್ನು ವಿನ್ಯಾಸಗೊಳಿಸುವಾಗ ಅವನು ಹಳೆಯ ಲಿಪಿಗಳಿಗೂ ನಡುವಿನಲ್ಲಿ ಜೋಡಿಸಿದ ಶೀರ್ಷಿಕೆಗಳಿಗೂ ಮರಳಿದ. ಇದರಿಂದ ಕೆರಳಿದವನು ಬೌಹೌಸ್‌ನ ಹಳೆಯ ವಿದ್ಯಾರ್ಥಿ, ಸ್ವಿಸ್ ಕಲಾವಿದ ಮಾಕ್ಸ್ ಬಿಲ್. 1946ರಲ್ಲಿ ಸ್ವಿಸ್ ಮುದ್ರಣ ಪತ್ರಿಕೆಯಲ್ಲಿ ಇಬ್ಬರ ನಡುವೆ ವಾದ ನಡೆಯಿತು. ಹಿಂದಕ್ಕೆ ಹೋಗುವುದು ಪ್ರತಿಗಾಮಿತನ, ಹೊಸ ಕಾಲಕ್ಕೆ ಹೊಸ ರೂಪವೇ ಧರ್ಮ ಎಂಬುದು ಬಿಲ್‌ನ ನಿಲುವು. ಅದಕ್ಕೆ ಚಿಖೋಲ್ಡ್ ಕೊಟ್ಟ ಉತ್ತರ ಅವನ ಹಳೆಯ ಅನುಯಾಯಿಗಳನ್ನು ದಿಗ್ಭ್ರಮೆಗೊಳಿಸಿತು: ಹೊಸ ಅಕ್ಷರವಿನ್ಯಾಸದ ಅಸಹನೆ, ಎಲ್ಲವನ್ನೂ ಒಂದೇ ಸೂತ್ರಕ್ಕೆ ಒಗ್ಗಿಸುವ ಹಟ, ಜರ್ಮನಿಯನ್ನು ವಿನಾಶಕ್ಕೆ ಒಯ್ದ ಸೈನಿಕ ಮನೋಧರ್ಮದ ಸೋದರಿಯೇ ಎಂದು ಅವನು ವಾದಿಸಿದ.

ಈ ಮಾತನ್ನು ಹೇಗೆ ಗ್ರಹಿಸಬೇಕು? ಅಕ್ಷರಶಃ ತೆಗೆದುಕೊಂಡರೆ ಅದು ಅನ್ಯಾಯದ ಮಾತು. ಹೊಸ ಪಂಥದವರನ್ನು ಬೇಟೆಯಾಡಿದವರೇ ನಾತ್ಸಿಗಳು. ಸ್ವತಃ ಚಿಖೋಲ್ಡ್ ಸೆರೆಮನೆಯನ್ನು ಕಂಡದ್ದು ಆ ಪಂಥದ ಕಾರಣದಿಂದಲೇ. ಅಲ್ಲದೆ ಅಧಿಕಾರಕ್ಕೆ ಯಾವ ಶೈಲಿಯ ಮೇಲೂ ನಿಷ್ಠೆಯಿರುವುದಿಲ್ಲ. ನಾತ್ಸಿಗಳು ಮೊದಲು ‘ಫ್ರಾಕ್ಟೂರ್’ ಎಂಬ ಗೋಥಿಕ್ ಅಕ್ಷರವನ್ನು ಜರ್ಮನ್ ಆತ್ಮದ ಲಿಪಿಯೆಂದು ಹೊಗಳಿದರು. 1941ರ ಜನವರಿಯಲ್ಲಿ ಅದನ್ನೇ ‘ಯಹೂದಿ ಅಕ್ಷರ’ವೆಂದು ಹೀಗಳೆದು ನಿಷೇಧಿಸಿದರು. ಅಕ್ಷರ ಅದೇ, ಹೊಗಳಿಕೆ ತೆಗಳಿಕೆಗಳು ಮಾತ್ರ ಅನುಕೂಲವನ್ನು ನೋಡಿಕೊಂಡು ಬದಲಾದವು. ಆದ್ದರಿಂದ ಇಂಥ ಶೈಲಿ ಇಂಥ ರಾಜಕಾರಣಕ್ಕೆ ಸೇರಿದ್ದೆಂಬ ಸಮೀಕರಣ ಸಿಂಧುವಲ್ಲ.

ಆದರೆ ಚಿಖೋಲ್ಡ್‌ನ ಮಾತಿನ ಒಳಗೊಂದು ಸತ್ಯವಿದೆ. ಅವನು ಹೆದರಿದ್ದು ಬೋಳು ಅಕ್ಷರಕ್ಕಲ್ಲ, ‘ಇದೊಂದೇ ಸರಿ’ ಎನ್ನುವ ಧ್ವನಿಗೆ. ಆ ಧ್ವನಿ 1928ರಲ್ಲಿ ತನ್ನದೇ ಆಗಿತ್ತೆಂಬ ಅರಿವು ಅವನ ಕಟುತ್ವಕ್ಕೆ ಕಾರಣ. ಇದು ಪರಮತ ಖಂಡನೆಗಿಂತ ಹೆಚ್ಚಾಗಿ ಆತ್ಮಖಂಡನೆ.

5. ಎರಡನೆಯ ಘಟ್ಟ: ಅಗ್ಗದ ಪುಸ್ತಕದ ಘನತೆ

1947ರಲ್ಲಿ ಲಂಡನ್ನಿನ ಪೆಂಗ್ವಿನ್ ಪ್ರಕಾಶನ ಸಂಸ್ಥೆ ಚಿಖೋಲ್ಡ್‌ನನ್ನು ಕರೆಸಿಕೊಂಡಿತು. 1935ರಲ್ಲಿ ಆರು ಪೆನ್ಸ್ ಬೆಲೆಗೆ ಪುಸ್ತಕ ಮಾರಲು ಹೊರಟ ಸಂಸ್ಥೆ ಅದು. ಪುಸ್ತಕಗಳು ಬೇರೆ ಬೇರೆ ಮುದ್ರಣಾಲಯಗಳಲ್ಲಿ ಅಚ್ಚಾಗುತ್ತಿದ್ದುದರಿಂದ ಒಂದಕ್ಕೊಂದು ಹೊಂದಿಕೆಯಿರಲಿಲ್ಲ. 1949ರ ಕೊನೆಯವರೆಗೆ ಅಲ್ಲಿದ್ದ ಚಿಖೋಲ್ಡ್ 500ಕ್ಕೂ ಹೆಚ್ಚು ಪುಸ್ತಕಗಳ ವಿನ್ಯಾಸವನ್ನು ತಿದ್ದಿದ ಅಥವಾ ಹೊಸದಾಗಿ ರೂಪಿಸಿದ. ನಾಲ್ಕು ಪುಟಗಳ ನಿಯಮಾವಳಿಯನ್ನು ರಚಿಸಿ ಕಂಪೋಸಿಟರುಗಳ ಕೈಗಿತ್ತ. ಪದಗಳ ನಡುವೆ ಅತಿಯಾದ ಅಂತರ ಬಿಡಬಾರದು, ದೊಡ್ಡಕ್ಷರಗಳ ನಡುವೆ ಕಣ್ಣಳತೆಯ ಅಂತರ ಬೇಕು, ವಿರಾಮಚಿಹ್ನೆಗಳು ಹೇಗಿರಬೇಕು, ಅಡಿಟಿಪ್ಪಣಿ ಎಲ್ಲಿ ಬರಬೇಕು ಇಂಥ ಸಣ್ಣ ವಿವರಗಳೇ ಅದರ ತಿರುಳು. ಸಂಸ್ಥೆಯ ಪ್ರಸಿದ್ಧ ಮೂರು ಪಟ್ಟೆಗಳ ಮುಖಪುಟವನ್ನು ಅವನು ಕಿತ್ತೊಗೆಯಲಿಲ್ಲ. ಅಕ್ಷರ, ಅಂತರ, ಹಕ್ಕಿಯ ಚಿತ್ರ ಇವನ್ನು ಹದಗೊಳಿಸಿದ.

ಇಲ್ಲಿ ಮಾರಿಸ್‌ನ ವೈರುಧ್ಯ ತಲೆಕೆಳಗಾಗಿ ಎದುರಾಗುತ್ತದೆ. ಸಮಾಜವಾದಿಯಾದ ಮಾರಿಸ್ ಜನಕಲೆಯನ್ನು ಬಯಸಿ ಶ್ರೀಮಂತರ ಪುಸ್ತಕವನ್ನು ಮಾಡಿದ. ‘ಪ್ರತಿಗಾಮಿ’ಯೆಂದು ಬೈಸಿಕೊಂಡ ಚಿಖೋಲ್ಡ್ ಸಾಂಪ್ರದಾಯಿಕ ಪುಟವಿನ್ಯಾಸವನ್ನು ರೈಲು ಪ್ರಯಾಣಿಕನ ಜೇಬಿನವರೆಗೆ ತಲುಪಿಸಿದ. ಶೈಲಿಯ ಪ್ರಗತಿಪರತೆಯನ್ನು ಅದರ ಆಕಾರದಿಂದ ಅಳೆಯಬೇಕೋ, ಅದು ಯಾರ ಕೈ ಸೇರಿತೆಂಬುದರಿಂದ ಅಳೆಯಬೇಕೋ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನಮ್ಮ ಸಾಹಿತ್ಯಚರ್ಚೆಗಳಲ್ಲಿಯೂ ಈ ಪ್ರಶ್ನೆಗೆ ಸ್ಥಾನವಿರಬೇಕು.

1967ರಲ್ಲಿ ಬಿಡುಗಡೆಯಾದ ‘ಸಾಬೋನ್’ ಅಕ್ಷರ ಅವನ ಕೊನೆಯ ದೊಡ್ಡ ಸಾಧನೆ. ಕೈಜೋಡಣೆ, ಮಾನೊಟೈಪ್, ಲೈನೊಟೈಪ್ ಎಂಬ ಮೂರು ತಂತ್ರಗಳಲ್ಲಿಯೂ ಒಂದೇ ರೂಪದಲ್ಲಿ ಕಾಣುವ ಅಕ್ಷರ ಬೇಕೆಂದು ಮುದ್ರಕರು ಕೇಳಿದ್ದರು. ಹದಿನಾರನೆಯ ಶತಮಾನದ ಗರಮೋನ್‌ನ ಮಾದರಿಯನ್ನು ಹಿಡಿದು ಚಿಖೋಲ್ಡ್ ಅದನ್ನು ಸಾಧಿಸಿದ. ರೂಪ ಹಳೆಯದು, ಸಮಸ್ಯೆ ಪೂರ್ಣವಾಗಿ ಯಂತ್ರಯುಗದ್ದು. 1928ರ ಚಿಖೋಲ್ಡ್ ಸತ್ತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಅಳತೆಯ ಶಿಸ್ತು, ಓದುಗನ ಮೇಲಿನ ಗೌರವ, ಕಾರ್ಮಿಕನಿಗೆ ಸ್ಪಷ್ಟವಾದ ಸೂಚನೆ ಈ ಮೂರನ್ನು ಅವನು ಮೊದಲ ಘಟ್ಟದಿಂದ ಎರಡನೆಯದಕ್ಕೆ ಹೊತ್ತು ತಂದಿದ್ದ. ಬಿಟ್ಟದ್ದು ಏಕೈಕ ಸೂತ್ರದ ಹಟವನ್ನು ಮಾತ್ರ.

ಇತ್ತ ಅವನು ತೊರೆದ ದಾರಿಯೂ ಬರಡಾಗಲಿಲ್ಲ. 1957ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಸಿದ್ಧವಾಗಿ 1960ರಲ್ಲಿ ‘ಹೆಲ್ವೆಟಿಕಾ’ ಎಂಬ ಹೆಸರು ಪಡೆದ ಬೋಳು ಅಕ್ಷರ ಜಗತ್ತಿನ ನಾಮಫಲಕಗಳನ್ನು ಆಕ್ರಮಿಸಿತು. ದಾರಿ ತೋರುವ ಫಲಕ, ರೈಲಿನ ವೇಳಾಪಟ್ಟಿ, ಔಷಧದ ಪೊಟ್ಟಣ ಇವುಗಳಿಗೆ ಅಂಥ ಅಕ್ಷರ ಒಪ್ಪುತ್ತದೆ. ಬಿಲ್ ಕೂಡ ಸಂಪೂರ್ಣವಾಗಿ ತಪ್ಪಿರಲಿಲ್ಲ.

6. ರೀತಿ, ಮಾರ್ಗ, ಔಚಿತ್ಯ

ಈ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆ ಸಹಾಯಕ್ಕೆ ಬರುತ್ತದೆ. ವಾಮನ ರೀತಿಯನ್ನು ಕಾವ್ಯದ ಆತ್ಮವೆಂದು ಭಾವಿಸಿ, ವಿಶಿಷ್ಟವಾದ ಪದರಚನೆಯೇ ರೀತಿಯೆಂದು ಲಕ್ಷಣ ಹೇಳಿದ. 1928ರ ಚಿಖೋಲ್ಡ್ ಒಂದರ್ಥದಲ್ಲಿ ರೀತಿವಾದಿ: ರಚನೆ ಸರಿಯಾದರೆ ಎಲ್ಲವೂ ಸರಿ ಎಂದವನು. ‘ಕವಿರಾಜಮಾರ್ಗ’ಕಾರ ದಕ್ಷಿಣ, ಉತ್ತರ ಎಂಬ ಎರಡು ಮಾರ್ಗಗಳನ್ನೂ ಉದಾಹರಣಸಹಿತವಾಗಿ ವಿವರಿಸುತ್ತಾನೆ, ಮಾರ್ಗ ಒಂದೇ ಇರಬೇಕಾಗಿಲ್ಲವೆಂಬ ವಿವೇಕ ಅಲ್ಲಿದೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಇನ್ನೂ ಮುಂದೆ ಹೋಗಿ ಔಚಿತ್ಯವನ್ನೇ ಕಾವ್ಯದ ಜೀವವೆಂದ. ಸೊಂಟದ ಪಟ್ಟಿಯನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ಧರಿಸಿದರೆ ನಗೆಗೀಡಾಗುವುದು ಆಭರಣದ ದೋಷದಿಂದಲ್ಲ, ಸ್ಥಾನದ ದೋಷದಿಂದ. ಭಿತ್ತಿಪತ್ರಕ್ಕೆ ಒಪ್ಪುವ ಅಸಮ ವಿನ್ಯಾಸ ಕವನಸಂಕಲನಕ್ಕೆ ಒಪ್ಪಲೇಬೇಕೆಂದಿಲ್ಲ ಎಂಬ ಚಿಖೋಲ್ಡ್‌ನ ಉತ್ತರಕಾಲದ ತಿಳಿವು ಇದೇ ಔಚಿತ್ಯಪ್ರಜ್ಞೆ.

ಹೀಗೆ ನೋಡಿದಾಗ ಶೈಲಿಗೂ ಚಳವಳಿಗೂ ಇರುವ ಭೇದ ನಿಚ್ಚಳವಾಗುತ್ತದೆ. ಚಳವಳಿಯೆಂದರೆ ಒಂದು ಕಾಲ ತನಗೆ ತಾನೇ ಕೇಳಿಕೊಂಡ ಪ್ರಶ್ನೆ. ಶೈಲಿಯೆಂದರೆ ಆ ಪ್ರಶ್ನೆಗೆ ಆಗ ದೊರೆತ ಉತ್ತರದ ಆಕಾರ. ಪ್ರಶ್ನೆಯನ್ನು ಮರೆತು ಆಕಾರವನ್ನು ಮಾತ್ರ ಉಳಿಸಿಕೊಂಡಾಗ ಶೈಲಿ ಬರಿಯ ಚಾಳಿಯಾಗುತ್ತದೆ.

7. ಕನ್ನಡ ಅಕ್ಷರದ ಪ್ರಶ್ನೆ

ಮೇಲಿನ ವಿವೇಚನೆ ನಮಗೇಕೆ ಎಂದು ಕೇಳುವವರಿಗೆ ಒಂದು ಪುಟ್ಟ ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಸಮಾರಂಭವೊಂದರ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಾಗ, ‘ಧನಸಹಾಯ’ ಎಂದಿರಬೇಕಾದಲ್ಲಿ ‘ದನಸಹಾಯ’ ಎಂದು ಓದಿ ನಮ್ಮ ವಿದ್ಯಾರ್ಥಿಗಳು ನಕ್ಕರು. ಕರಡಚ್ಚನ್ನು ತಿದ್ದಿದವನು ನಾನೇ; ನನ್ನ ಪ್ರತಿಯಲ್ಲಿ ಕಾಗುಣಿತ ಸರಿಯಾಗಿತ್ತು. ಶೀರ್ಷಿಕೆಗೆ ‘ಆಧುನಿಕ’ವಾಗಿ ಕಾಣಲೆಂದು ಆರಿಸಿದ ಅಕ್ಷರದಲ್ಲಿ ಮಹಾಪ್ರಾಣದ ಸೀಳು ಎಷ್ಟು ಕಿರಿದಾಗಿತ್ತೆಂದರೆ ಮಸಿ ಬಿದ್ದೊಡನೆ ಮುಚ್ಚಿಹೋಗಿತ್ತು.

ನಕ್ಕು ಬಿಡುವ ಮಾತು ಇದಲ್ಲ. ದ-ಧ, ಡ-ಢ, ಬ-ಭ, ಪ-ಫ ಇವುಗಳ ಭೇದ ನಿಂತಿರುವುದು ಒಂದು ಸಣ್ಣ ಗೀಟಿನ ಮೇಲೆ. ರಕಾರ ಠಕಾರಗಳ ಭೇದ ಒಂದು ಚುಕ್ಕೆಯ ಮೇಲೆ. ರೋಮನ್ ಲಿಪಿಯಲ್ಲಿ ತುದಿಯ ಗೀಟನ್ನು ತೆಗೆದರೆ ಅಕ್ಷರ ಬೋಳಾಗುತ್ತದೆ, ಆದರೆ ಅದೇ ಅಕ್ಷರವಾಗಿ ಉಳಿಯುತ್ತದೆ. ಕನ್ನಡದಲ್ಲಿ ಗೀಟನ್ನು ತೆಗೆದರೆ ಅಕ್ಷರವೇ ಬೇರೆಯಾಗುತ್ತದೆ. ಅಲ್ಲಿ ಆಭರಣವಾದದ್ದು ಇಲ್ಲಿ ಅಂಗ. ದೊಡ್ಡಕ್ಷರ ಸಣ್ಣಕ್ಷರಗಳ ಜಗಳ ನಮಗೆ ಸಂಬಂಧಿಸಿದ್ದೇ ಅಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದಲೂ ಗುಡಿಸು ಮೊದಲಾದ ಸ್ವರಚಿಹ್ನೆಗಳು ಮೇಲೆ ಏರುವುದರಿಂದಲೂ ಕನ್ನಡ ಪುಟಕ್ಕೆ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ರೋಮನ್ ಲಿಪಿಗೆಂದು ಗೊತ್ತುಮಾಡಿದ ಅಂತರವನ್ನೇ ಗಣಕಯಂತ್ರದಲ್ಲಿ ಉಳಿಸಿಕೊಂಡರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಪರಭಾಷೆಯ ಪದವನ್ನು ಹದವರಿಯದೆ ಸಮಾಸದಲ್ಲಿ ಬೆರೆಸುವುದನ್ನು ‘ಕವಿರಾಜಮಾರ್ಗ’ ಕಾದ ಹಾಲಿಗೆ ಮಜ್ಜಿಗೆಯ ಹನಿ ಬೀಳುವುದಕ್ಕೆ ಹೋಲಿಸುತ್ತದೆ. ಪರಲಿಪಿಯ ನಿಯಮವನ್ನು ಹದವರಿಯದೆ ತರುವುದಕ್ಕೂ ಈ ಹೋಲಿಕೆ ಸಲ್ಲುತ್ತದೆ.

ಹಾಗೆಂದು ಹೊರಗಿನಿಂದ ಬರುವುದೆಲ್ಲ ತ್ಯಾಜ್ಯವೆಂದು ಅರ್ಥವಲ್ಲ. ವಿಂಡೋಸ್ ಗಣಕಯಂತ್ರಗಳಲ್ಲಿ ಬಂದ ‘ತುಂಗಾ’ ಎಂಬ ಕನ್ನಡ ಅಕ್ಷರವನ್ನು ರೂಪಿಸಿದವರು ಮುಂಬಯಿಯಲ್ಲಿ ವಿನ್ಯಾಸದ ಅಧ್ಯಾಪಕರಾಗಿದ್ದ ಆರ್.ಕೆ. ಜೋಶಿಯವರು (1936–2008). ಮರಾಠಿ ಪರಿಸರದಿಂದ ಬಂದ ಲಿಪಿಕಾರರು ಕನ್ನಡದ ಅಕ್ಷರವನ್ನು ರೂಪಿಸಿದರು. ಅದರಲ್ಲಿ ಕನ್ನಡಿಗರು ಬರೆದರು, ಓದಿದರು. ಹೊರನಾಡಿನಲ್ಲಿರುವ ನಮಗೆ ಇದು ಹೆಮ್ಮೆಯ ಸಂಗತಿಯೂ ಹೌದು, ಎಚ್ಚರಿಕೆಯೂ ಹೌದು. ಅಕ್ಷರವನ್ನು ಕೆತ್ತುವವನ ಮಾತೃಭಾಷೆ ಮುಖ್ಯವಲ್ಲ. ಆ ಲಿಪಿಯ ಮರ್ಮವನ್ನು ಅವನು ಎಷ್ಟು ತಾಳ್ಮೆಯಿಂದ ಅಭ್ಯಾಸ ಮಾಡಿದ್ದಾನೆಂಬುದು ಮುಖ್ಯ.

8. ಸಮಾರೋಪ

ಚಿಖೋಲ್ಡ್‌ನ ಬಾಳು ಕಲಿಸುವ ಪಾಠವನ್ನು ಹೀಗೆ ಹೇಳಬಹುದು: ಪಂಥವನ್ನು ಬದಲಾಯಿಸುವುದು ದ್ರೋಹವಲ್ಲ, ಓದುಗನನ್ನು ಮರೆಯುವುದು ದ್ರೋಹ. ಅವನು ಎರಡೂ ಘಟ್ಟಗಳಲ್ಲಿ ಓದುಗನನ್ನು ಮರೆಯಲಿಲ್ಲ. ಆದುದರಿಂದಲೇ ಒಂದನ್ನೊಂದು ಅಲ್ಲಗಳೆಯುವಂತೆ ತೋರುವ ಅವನ ಎರಡು ಅವಸ್ಥೆಗಳೂ ಇಂದು ಅಭ್ಯಾಸಯೋಗ್ಯವಾಗಿ ಉಳಿದಿವೆ.

ನಮ್ಮ ಕನ್ನಡ ವಿಭಾಗಗಳಲ್ಲಿ ಗ್ರಂಥಸಂಪಾದನೆಯನ್ನು ಕಲಿಸುತ್ತೇವೆ, ಓಲೆಗರಿಯ ಲಿಪಿಯನ್ನು ಓದಿಸುತ್ತೇವೆ, ಶಾಸನದ ಅಕ್ಷರಗಳ ಬೆಳವಣಿಗೆಯನ್ನು ವಿವರಿಸುತ್ತೇವೆ. ಆದರೆ ವಿದ್ಯಾರ್ಥಿ ದಿನವೂ ಓದುವ ಅಚ್ಚಿನ ಅಕ್ಷರದ ಬಳಿಗೆ ಬಂದಾಗ ಪಾಠ ನಿಂತುಹೋಗುತ್ತದೆ. ಮನೆಯ ಹೊರಗೆ ಬೇರೆ ಲಿಪಿಗಳ ನಡುವೆ ಬೆಳೆಯುವ ಹೊರನಾಡ ಕನ್ನಡ ಮಕ್ಕಳಿಗೆ ಕನ್ನಡದ ಮೊದಲ ಮುಖ ಕಾಣುವುದು ಅಚ್ಚಾದ ಪುಟದಲ್ಲಿಯೇ. ಆ ಮುಖದಲ್ಲಿ ಒತ್ತು ಒತ್ತಾಗಿ, ಸೀಳು ಸೀಳಾಗಿ, ಸಾಲು ಸಾಲಾಗಿ ಕಾಣಬೇಕು. ಅದನ್ನು ನೋಡಿಕೊಳ್ಳುವ ಹೊಣೆ ಮುದ್ರಕನೊಬ್ಬನದಲ್ಲ. ಕರಡಚ್ಚನ್ನು ತಿದ್ದುವಾಗ ಕಾಗುಣಿತವನ್ನು ನೋಡುವಷ್ಟೇ ಎಚ್ಚರದಿಂದ ಅಕ್ಷರವನ್ನೂ ನೋಡುವುದನ್ನು ನಾವು ಕಲಿಯಬೇಕು, ಕಲಿಸಬೇಕು.